ಬಾಣಂತಿ ಇಲಿಗಳ ಮುಲಾಮು

ಟ್ಯೂಬಿನ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಬಂತು. ಮೇಣಕ್ಕೆ ಸ್ವಲ್ಪ ಔಷಧಿ ಬೆರೆಸಿದಂಥ ಜಿಡ್ಡು ವಾಸನೆ. ಮಳೆಗೆ ಚೆನ್ನೈನ ಪೋರೂರಿನ ನಮ್ಮ ರಸ್ತೆಯಲ್ಲಿ ನೀರು ನಿಂತು, ಅದರಲ್ಲೇ ಓಡಾಡಿ ನನ್ನ ಕಾಲ್ಬೆರಳ ಸಂದಿಯಲ್ಲಿ ತುರಿಕೆ ಶುರುವಾಗಿತ್ತು. ಕೆಲಸ ಮುಗಿಸಿ ಮನೆಗೆ ಹೊರಟವಳು ಅಣ್ಣಾ ನಗರದ ಔಷಧಿ ಅಂಗಡಿಯೊಂದರಲ್ಲಿ ಮುಲಾಮು ಕೇಳಿದೆ. ಅಂಗಡಿಯವನು ಚೀಟಿ ಗೀಟಿ ಏನೂ ಕೇಳದೆ ಎತ್ತಿ ಕೊಟ್ಟ. ಈ ಊರಿನಲ್ಲಿ ಯಾರಿಗೆ ಎಲ್ಲಿ ಕೆರೆದರೂ ಕೊಡುವುದು ಅದನ್ನೇ. ಟ್ಯೂಬಿನ ಹಿಂಭಾಗದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಸ್ಟೀರಾಯ್ಡಿನ ಹೆಸರಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಅಕ್ಕ ನೆನಪಾದಳು. ನೆನಪಾದಳು ಅಂದರೆ ಕಣ್ಣು ತುಂಬಿ ಬಂತು ಎಂದು ತಿಳಿಯಬೇಡಿ. ಸಿಟ್ಟು ಬಂತು. ಇಷ್ಟು ವರ್ಷವಾದರೂ ಬರುವುದು ಮೊದಲು ಸಿಟ್ಟೇ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನಿಂದ ಬಂದು ಚೆನ್ನೈನ ಒಂದು ಸಂಶೋಧನಾ ವಿಭಾಗದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿಕೊಂಡೆ. ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹಿರಿಯಳು ಅವಳು. ವಿಭಾಗದ ಹೆಸರು ಹೇಳುವುದಿಲ್ಲ. ಅವಳ ಹೆಸರೂ ಹೇಳುವುದಿಲ್ಲ. ಅದನ್ನು ಬೇರೆಯವರು ಬೇಕಾದಷ್ಟು ಬಳಸಿಕೊಂಡಿದ್ದಾರೆ.

ಅಕ್ಕನ ತಂದೆ ರೈಲ್ವೆಯಲ್ಲಿದ್ದವರು. ಮೂಲ ಮಂಡ್ಯದ ಕಡೆಯಾದರೂ ಅವಳು ಹುಟ್ಟಿ ಬೆಳೆದದ್ದೆಲ್ಲ ಕ್ರೋಂಪೇಟೆಯಲ್ಲಿ. ಅವಳ ಕನ್ನಡದಲ್ಲಿ ಅರ್ಧ ತಮಿಳು ಕಲಸಿಕೊಂಡಿತ್ತು. ಮೊದಲ ದಿನ ನಾನು ಮರ್ಯಾದೆಯಿಂದ "ನೀವು" ಎಂದೆ. ಬೈದಳು. "ಏನ್ ಮಾ ಇದು, ನೀವು ಗೀವು ಅಂತೆಲ್ಲ! ನಾನೇನು ನಿನ್ ಅತ್ತೆಯಾ?" ಇಲಿ ಕೋಣೆಗೆ ಮೊದಲ ಸಲ ಹೋದಾಗ ನಾನು ಮೂಗು ಮುಚ್ಚಿಕೊಂಡು ಹೊರಗೆ ಓಡಿಬಂದಿದ್ದೆ. ಅವಳು ನಕ್ಕಳು. ಕ್ರೋಂಪೇಟೆಯ ಚರ್ಮ ಹದಮಾಡುವ ಕಾರ್ಖಾನೆಗಳ ಪಕ್ಕದಲ್ಲಿ ಬೆಳೆದವಳಿಗೆ ಇಲಿ ವಾಸನೆ ಯಾವ ಲೆಕ್ಕ?

ನಮ್ಮ ಕೆಲಸ ಒಂದು ಪ್ರೋಟೀನಿನ ಮೇಲೆ. ಇಲಿ ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗ ಅದರ ಪಿತ್ತಜನಕಾಂಗ, ಅಂದರೆ ಲಿವರ್, ಒಂದು ವಿಶೇಷ ಪ್ರೋಟೀನನ್ನು ರಾಶಿ ರಾಶಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಇಲಿಗಳಲ್ಲಿ ಅದಕ್ಕೊಂದು ಮುಖ್ಯ ಕೆಲಸವಿದೆ. ತಾಯಿಯ ರಕ್ತದಿಂದ ಬರುವ ಹೆಣ್ಣು ಹಾರ್ಮೋನನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಹೆಣ್ಣು ಮರಿಯ ಮಿದುಳಿಗೆ ತಲುಪಗೊಡುವುದಿಲ್ಲ. ತಲುಪಿದರೆ ಆ ಮರಿಯ ಮಿದುಳು ಗಂಡಿನಂತೆ ಬೆಳೆದುಬಿಡುತ್ತದೆ. ಹುಟ್ಟಿದ ಮೇಲೆ ಕೆಲವು ವಾರಗಳಲ್ಲಿ ಲಿವರ್ ಆ ಪ್ರೋಟೀನಿನ ತಯಾರಿಕೆಯನ್ನು ತಾನಾಗಿಯೇ ನಿಲ್ಲಿಸುತ್ತದೆ. ಬೆಳೆದ ಇಲಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಲಿವರಿಗೆ ಕ್ಯಾನ್ಸರ್ ಬಂದರೆ ಮತ್ತೆ ಕಾಣಿಸಿಕೊಳ್ಳುವುದುಂಟು, ಇಲಿಯಲ್ಲೂ ಮನುಷ್ಯರಲ್ಲೂ.

ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಅಕ್ಕ ಹೇಳಿದ ಮೇಲೆ.

"ಬಾಣಂತಿ ಮನೆ ಅಡುಗೆ ಥರ ಅಷ್ಟೇ ಮಾ. ಮಗು ಹುಟ್ಟಿದ್ ಹೊಸದ್ರಲ್ಲಿ ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನುಂಡೆ ಅಂತಲೇ ಒಲೆ ಉರೀತಾ ಇರತ್ತೆ. ಆಮೇಲೆ ಒಂದಿನ ನಿಂತ್ ಹೋಗತ್ತೆ. ಎಲ್ಲಾರ್ಗೂ ಮಾಡೋ ಸಾಂಬಾರೇ. ಯಾರು ನಿಲ್ಸಿದ್ದು, ಯಾಕೆ ನಿಲ್ಸಿದ್ದು, ಅದೇ ನಮ್ ಕೇಳ್ವಿ. ಕ್ಯಾನ್ಸರ್ ಬಂದ್ ಲಿವರ್‌ಗೆ ಬುದ್ಧಿ ಕೆಟ್ಟು, ಮನೇಲಿ ಬಾಣಂತಿನೇ ಇಲ್ದೆ ತಿರ್ಗಾ ಅದೇ ಅಡುಗೆ ಶುರು ಮಾಡತ್ತೆ."

ಮರಿಗಳ ರಕ್ತವನ್ನು ಪಾರದರ್ಶಕ ಅಂಟಿನ ಹಾಳೆಯ ಮೇಲೆ ಹರಿಸಿ, ಬಣ್ಣ ಹಾಕಿ ತೊಳೆದರೆ ನೀಲಿ ಮೊನೆಗಳು ಎದ್ದು ನಿಲ್ಲುತ್ತಿದ್ದವು. ಪ್ರೋಟೀನು ಹೆಚ್ಚಿದ್ದಷ್ಟೂ ಮೊನೆ ಎತ್ತರ. ಹುಟ್ಟಿದ ಹೊಸದರಲ್ಲಿ ಎತ್ತರದ ಮೊನೆ, ದಿನ ಕಳೆದಂತೆ ಗಿಡ್ಡ, ಕೊನೆಗೆ ಬರೀ ಚುಕ್ಕೆ. ಅಕ್ಕ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವಾಗ ಅವಳ ಮುಖ ನೋಡಬೇಕಿತ್ತು…

ವಿಭಾಗದ ಮುಖ್ಯಸ್ಥರನ್ನು ನಾವು ದೊಡ್ಡ ಸಾರ್ ಎನ್ನುತ್ತಿದ್ದೆವು. ಮೈಸೂರಿನವರು. ಕನ್ನಡದವರು ಎಂದರೆ ಅವರಿಗೆ ಪ್ರಾಣ, ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಗೌರಿ ಹಬ್ಬಕ್ಕೆ ನಮ್ಮಿಬ್ಬರನ್ನೂ ಮನೆಗೆ ಕರೆದು ಊಟ ಹಾಕಿಸಿ, ಬಾಗಿನ ಕೊಡಿಸುತ್ತಿದ್ದರು. ಕಾಮಾಲೆಗೆ ಹಳ್ಳಿಗಳಲ್ಲಿ ಕೊಡುವ ಒಂದು ಕಹಿ ಸೊಪ್ಪಿನ ಮೇಲೆ ಅವರಿಗೆ ಭಾರೀ ನಂಬಿಕೆ. ಆ ಸೊಪ್ಪಿನ ರಸ ಮರಿಗಳಲ್ಲಿ ಈ ಪ್ರೋಟೀನನ್ನು ಬೇಗ ನಿಲ್ಲಿಸಿದರೆ, ಕ್ಯಾನ್ಸರ್ ಬಂದ ಲಿವರಿನಲ್ಲೂ ನಿಲ್ಲಿಸುತ್ತದೆ, ಆಗ ರೋಗವೂ ಇಳಿಯುತ್ತದೆ ಎಂದು ಅವರ ವಾದ. ಪ್ರೋಟೀನು ಇಳಿಯುವುದು ಬೇರೆ, ಗಡ್ಡೆ ಕರಗುವುದು ಬೇರೆ. ಇದು ಅವರಿಗೆ ತಿಳಿಯದ್ದೇನಲ್ಲ. ತಿಳಿಯದಿದ್ದರೆ ಕ್ಷಮಿಸಬಹುದಿತ್ತು.

ಪ್ರಯೋಗ ಅಕ್ಕನ ಥೀಸಿಸ್ಸಿಗೆಂದು ಅವಳ ಹೆಗಲಿಗೆ ಬಿತ್ತು. ಮರಿ ಹಾಕಿದ ತಾಯಿ ಇಲಿಗಳಿಗೆ ರಸ ತಿನ್ನಿಸಬೇಕು, ಹಾಲಿನ ಮೂಲಕ ಮರಿಗಳಿಗೆ ಹೋಗಬೇಕು. ಆ ಸೊಪ್ಪೋ ಯಮಕಹಿ. ಅಕ್ಕ ಬೆಲ್ಲದಲ್ಲಿ ಕಲಸಿ ಸಣ್ಣ ಸಣ್ಣ ಉಂಡೆ ಕಟ್ಟಿದಳು. ಹೋಲಿಕೆಗೆಂದು ಇಟ್ಟ ಇನ್ನೊಂದು ಸಾಲಿನ ತಾಯಂದಿರಿಗೂ ಬೆಲ್ಲದ ಉಂಡೆಯೇ, ಸೊಪ್ಪು ಮಾತ್ರ ಇಲ್ಲ. ಅಲ್ಲಿಗೆ ಎಲ್ಲ ಶಾಸ್ತ್ರೋಕ್ತವಾಗಿಯೇ ಇತ್ತು.

ಇಲಿ ಕೋಣೆ ಇದ್ದದ್ದು ತಾರಸಿಯ ಮೇಲೆ. ಮೇ ತಿಂಗಳ ಉರಿ, ಇಲ್ಲಿಯವರು ಕತ್ತರಿ ಬಿಸಿಲು ಎನ್ನುವುದು. ಬರೀ ಬೆಲ್ಲದ ಉಂಡೆ ಸಿಕ್ಕ ತಾಯಿಗಳು ಅದನ್ನು ಕ್ಷಣದಲ್ಲಿ ತಿಂದು ಮುಗಿಸುತ್ತಿದ್ದವು. ಕಹಿ ಉಂಡೆಯವು ಮೂತಿ ಇಟ್ಟು, ನೆಕ್ಕಿ, ಅರ್ಧ ಬಿಟ್ಟುಬಿಡುತ್ತಿದ್ದವು. ಬಿಟ್ಟ ಬೆಲ್ಲಕ್ಕೆ ಕೆಂಪು ಇರುವೆ ಸಾಲುಗಟ್ಟಿದವು. ಪಂಜರದ ಕಾಲಿಗೆ ನೀರಿನ ಬಟ್ಟಲಿಟ್ಟರೆ ಆ ಬಿಸಿಲಿಗೆ ನೀರು ನಿಲ್ಲುತ್ತಿರಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಆ ಸಾಲಿನ ತಾಯಂದಿರ ಹೊಟ್ಟೆಯ ಮೇಲೆಲ್ಲ ಕಚ್ಚಿದ ಗಾಯ, ಕೆರೆದು ಕೆರೆದು ರಕ್ತ.

"ಅಯ್ಯೋ ಪಾವಂ ಮಾ, ಬಾಣಂತಿಗಳು! ಹಾಲು ಹೆಂಗ್ ಕುಡಿಸ್ತವೆ ಇವು?"

ಕೈಚೀಲದಲ್ಲಿ ಬೆವರುಗುಳ್ಳೆಗೆಂದು ಇಟ್ಟುಕೊಂಡಿದ್ದ ಮುಲಾಮು ತೆಗೆದು ಒಂದೊಂದು ತಾಯಿಯ ಹೊಟ್ಟೆಗೂ ಹಚ್ಚಿದಳು. ಗಾಯ ಆರುವ ತನಕ ದಿನಾ ಹಚ್ಚಿದಳು. ಗೂಡಿಗೆ ಹೊಸ ಹತ್ತಿ ಹಾಕಿದಳು. ಅವರಮ್ಮ ಕ್ರೋಂಪೇಟೆಯ ಆ ಬೀದಿಗೆಲ್ಲ ಬಾಣಂತನ ಮಾಡಿದ ಹೆಂಗಸು. ಮಗಳಿಗೆ ಬಾಣಂತಿ ನರಳುವುದನ್ನು ನೋಡಿಕೊಂಡು ಸುಮ್ಮನಿರುವುದು ಬರುತ್ತಿರಲಿಲ್ಲ. ಅದನ್ನು ಪ್ರಯೋಗದ ಭಾಗ ಎಂದು ಅವಳು ಅಂದುಕೊಳ್ಳಲೂ ಇಲ್ಲ. ನಾನೂ ಅಂದುಕೊಳ್ಳಲಿಲ್ಲ. ಪಂಜರಕ್ಕೆ ನೀರಿಟ್ಟ ಹಾಗೆ, ಅಷ್ಟೇ.

ಫಲಿತಾಂಶ ಬಂದಾಗ ವಿಭಾಗವೇ ಕುಣಿಯಿತು. ಕಹಿ ಉಂಡೆಯ ಸಾಲಿನ ಮರಿಗಳಲ್ಲಿ ನೀಲಿ ಮೊನೆಗಳು ಇಳಿಯಬೇಕಾದ ದಿನಕ್ಕೆ ಮುಂಚೆಯೇ ಕುಸಿದಿದ್ದವು. ಆ ಮರಿಗಳು ಕಣ್ಣು ಬಿಟ್ಟದ್ದೂ ಬೇಗ. "ನೋಡ್ ಮಾ, ಎಷ್ಟ್ ಚುರುಕು ನನ್ ಮಕ್ಳು" ಎಂದು ಅಕ್ಕ ಅಂಗೈ ಮೇಲಿಟ್ಟುಕೊಂಡು ತೋರಿಸಿದ್ದಳು. ದೊಡ್ಡ ಸಾರ್ ಅವಳ ಬೆನ್ನು ತಟ್ಟಿದರು. ಲೇಖನ ಅಚ್ಚಾಯಿತು, ಮೊದಲ ಹೆಸರು ಅಕ್ಕನದು. ಪತ್ರಿಕೆಯವರು ಬಂದರು. ಸಾರ್ ಕೈಯಲ್ಲಿ ಸೊಪ್ಪು ಹಿಡಿದು ಫೋಟೊಕ್ಕೆ ನಿಂತರು.

ಆಮೇಲೆ ಜನ ಬರತೊಡಗಿದರು. ಹಳದಿ ಕಣ್ಣಿನ, ಉಬ್ಬಿದ ಹೊಟ್ಟೆಯ ಜನ. ಜೊತೆಯಲ್ಲಿ ಹೆಂಡತಿ, ಅವಳ ಕೈಯಲ್ಲಿ ಖಾಲಿ ಬಾಟಲಿ. ವರಾಂಡದಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದರು. ಸಾರ್ ಅವರಿಗೆ ಇಲ್ಲ ಎನ್ನಲಿಲ್ಲ. ಸೊಪ್ಪಿನ ರಸ ತುಂಬಿಸಿ ಕಳಿಸುತ್ತಿದ್ದರು, ಸೇವೆ ಎನ್ನುತ್ತಿದ್ದರು. ಒಬ್ಬ ಹೆಂಗಸು, ಆಸ್ಪತ್ರೆಯವರು ಬರೆದುಕೊಟ್ಟದ್ದನ್ನೆಲ್ಲ ನಿಲ್ಲಿಸಿ ಇದನ್ನೇ ಕೊಡುತ್ತಿದ್ದೇನೆ, ಸರಿ ತಾನೇ ಎಂದು ಅಕ್ಕನ ಕೈ ಹಿಡಿದು ಕೇಳಿದಳು. ಆ ದಿನ ಅವಳು ಊಟದ ಡಬ್ಬಿ ತೆರೆಯಲಿಲ್ಲ. ಪ್ರಯೋಗವನ್ನು ಮೊದಲಿನಿಂದ ಇನ್ನೊಮ್ಮೆ ಮಾಡೋಣ ಎಂದಳು.

ಎರಡನೇ ಸಲ ಮಾಡಿದ್ದು ಡಿಸೆಂಬರಿನಲ್ಲಿ, ಇಲ್ಲಿಯವರ ಮಾರ್ಗಳಿ ತಿಂಗಳ ತಂಪಿನಲ್ಲಿ. ಬಟ್ಟಲಿನಲ್ಲಿ ನೀರು ನಿಂತಿತು, ಇರುವೆ ಹತ್ತಲಿಲ್ಲ, ಗಾಯವಾಗಲಿಲ್ಲ, ಮುಲಾಮು ಹಚ್ಚಲಿಲ್ಲ. ಮೊನೆಗಳು ಎರಡು ಸಾಲಿನಲ್ಲೂ ಒಂದೇ ಥರ, ನಿಧಾನವಾಗಿ, ಪ್ರಕೃತಿ ಹೇಳಿದ ಹಾಗೆ ಇಳಿದವು. ಸೊಪ್ಪಿನಿಂದ ಏನೂ ಆಗಲಿಲ್ಲ. ಮರಿಗಳು ಕಣ್ಣು ಬಿಟ್ಟದ್ದೂ ಹೊತ್ತಿಗೆ ಸರಿಯಾಗಿ. ಅಲ್ಲಿಗೆ ಅಕ್ಕ ಗಕ್ಕನೆ ನಿಂತಳು. ನವಜಾತ ಮರಿಗೆ ಸ್ಟೀರಾಯ್ಡ್ ಕೊಟ್ಟರೆ ಕಣ್ಣು ಬೇಗ ಬಿಡುತ್ತದೆ, ಈ ಪ್ರೋಟೀನೂ ಬೇಗ ನಿಲ್ಲುತ್ತದೆ. ಹೊಸ ಸಂಗತಿಯೇನಲ್ಲ, ನಾವಿಬ್ಬರೂ ಪರೀಕ್ಷೆಗೆ ಓದಿ ಬರೆದದ್ದು. ಕೈಚೀಲದಿಂದ ಟ್ಯೂಬು ತೆಗೆದಳು, ಹಿಂದೆ ಸಣ್ಣ ಅಕ್ಷರದಲ್ಲಿದ್ದ ಸ್ಟೀರಾಯ್ಡಿನ ಹೆಸರು ಓದಿದಳು, ನನ್ನ ಕೈಗೆ ಕೊಟ್ಟಳು. ತಾಯಿಯ ಹೊಟ್ಟೆಗೆ ಹಚ್ಚಿದ್ದನ್ನು ಹಾಲು ಕುಡಿಯುತ್ತ ಮರಿಗಳು ನೆಕ್ಕಿದ್ದವು. ಕಡಲೆಕಾಳಿನಷ್ಟು ಮುಲಾಮು ನಮಗೆ ಏನೂ ಅಲ್ಲ. ಬೆರಳಿನ ಗಾತ್ರದ ಮರಿಗೆ ಅದು ಬೇಕಾದಷ್ಟಾಯಿತು.

ಆದರೂ ಬರೀ ಊಹೆಯನ್ನು ಹಿಡಿದುಕೊಂಡು ಹೋಗಲಿಲ್ಲ ಅವಳು. ಮೂರನೇ ಸಲ ಸೊಪ್ಪೇ ಇಲ್ಲದೆ, ಗಾಯವೂ ಇಲ್ಲದೆ, ಬರೀ ಮುಲಾಮು ಹಚ್ಚಿ ನೋಡಿದಳು. ನಾನೂ ಜೊತೆಗಿದ್ದೆ. ನೀಲಿ ಮೊನೆಗಳು ಮೊದಲ ಸಲದ ಹಾಗೆಯೇ ಕುಸಿದವು, ಮರಿಗಳು ಬೇಗ ಕಣ್ಣು ಬಿಟ್ಟವು. ಅವಳು ಹಾಳೆಯನ್ನು ಕಿಟಕಿಗೆ ಹಿಡಿದಳು. ಅಳುತ್ತಾಳೇನೋ ಎಂದುಕೊಂಡೆ. ಅವಳು ಅಂದದ್ದು, "ಎಷ್ಟ್ ಚೆನ್ನಾಗ್ ಬಂದಿದೆ ನೋಡು ಮಾ." ನಿಜಕ್ಕೂ ಚೆನ್ನಾಗಿಯೇ ಬಂದಿತ್ತು. ತನ್ನ ಥೀಸಿಸ್ಸಿಗೆ ಎಳ್ಳುನೀರು ಬಿಡುವ ಹಾಳೆಯನ್ನು ಅಷ್ಟು ಚೊಕ್ಕವಾಗಿ ಮಾಡಿದ್ದಳು.

ದೊಡ್ಡ ಸಾರ್ ಕೋಣೆಗೆ ಇಬ್ಬರೂ ಹೋದೆವು. ಅಕ್ಕ ಎಲ್ಲ ಹೇಳಿದಳು, ಲೇಖನ ವಾಪಸು ಪಡೆಯೋಣ ಎಂದಳು. ನಾನೂ ಕಣ್ಣಾರೆ ಕಂಡದ್ದನ್ನು ಹೇಳಿದೆ. ಪ್ರಾಜೆಕ್ಟ್ ಅಸಿಸ್ಟೆಂಟಿನ ಮಾತು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಂದು ಥರ ಗೌರವ ಉಳಿಯುತ್ತಿತ್ತು. ಬೆಲ್ಲದ ಹಾಗೆ ಮಾತಾಡಿದರು.

"ನೋಡಮ್ಮ, ಕೆಲವು ವಿಷಯ ನಮ್ಮ ನಮ್ಮಲ್ಲೇ ಇರಬೇಕು. ಇಷ್ಟು ದೊಡ್ಡ ಊರಲ್ಲಿ ನಾವು ಕನ್ನಡದವರು ಎಷ್ಟು ಜನ ಇದ್ದೀವಿ? ನಮ್ಮವರೇ ನಮ್ಮವರ ಕಾಲು ಎಳೆದರೆ ಹೇಗೆ ಹೇಳು?"

"ಸಾರ್, ಇಲಿಗಳಿಗೆ ಕನ್ನಡ ಬರಲ್ಲ, ತಮಿಳೂ ಬರಲ್ಲ. ಇನ್ನೊಂದ್ಸಲ ಮಾಡಿದ್ರೂ ಅವು ಇದನ್ನೇ ಹೇಳ್ತವೆ."

ಸಾರ್ ಮುಖದ ಮೇಲಿನ ನಗು ಹಾಗೇ ಇತ್ತು. ಮುಲಾಮು ಹಚ್ಚಿದ್ದು ನೀನು, ಹೋಗುವುದು ನಿನ್ನ ಥೀಸಿಸ್, ಯೋಚನೆ ಮಾಡಿ ಬಾ ಎಂದರು. ಅಕ್ಕ ಯೋಚನೆ ಮಾಡಿದಳು, ಮಾರನೇ ದಿನ ಹೋಗಿ ಅದನ್ನೇ ಹೇಳಿದಳು. ವರಾಂಡದಲ್ಲಿ ಕೂತ ಹೆಂಗಸರಿಗೂ ಹೇಳಿದಳು, ತಮಿಳಿನಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ. ಇದು ಔಷಧಿ ಅಲ್ಲ, ಆಸ್ಪತ್ರೆಗೆ ವಾಪಸು ಹೋಗಿ ಎಂದು.

ಅವಳನ್ನು ತೆಗೆದುಹಾಕಿದರು. ಕಾರಣ ಏನು ಗೊತ್ತೇ? ಪ್ರಯೋಗದ ಪ್ರಾಣಿಗಳಿಗೆ ಅನುಮತಿಯಿಲ್ಲದೆ ಔಷಧಿ ಹಚ್ಚಿ ಶಿಸ್ತು ಮುರಿದಳು ಎಂದು! ಲೇಖನವನ್ನು ಮಾತ್ರ ವಾಪಸು ಪಡೆಯಲಿಲ್ಲ. ಈಗ ನೀವೇ ಹೇಳಿ. ಮುಲಾಮಿನಿಂದ ಪ್ರಯೋಗ ಕೆಟ್ಟಿತು ಎಂದಾದರೆ ಲೇಖನ ಸುಳ್ಳು, ಅದು ಹೋಗಬೇಕು. ಲೇಖನ ಸರಿ ಎಂದಾದರೆ ಮುಲಾಮಿನಿಂದ ಏನೂ ಆಗಿಲ್ಲ, ಅಕ್ಕ ಉಳಿಯಬೇಕು. ಇವರು ಲೇಖನವನ್ನೂ ಉಳಿಸಿಕೊಂಡರು, ಅಕ್ಕನನ್ನೂ ಕಳಿಸಿದರು. ಓದಿದವರು, ದೊಡ್ಡವರು, ಕೋಟು ಹಾಕಿದವರು ಒಂದು ಮೇಜಿನ ಸುತ್ತ ಕೂತು ಇದಕ್ಕೆ ತಲೆಯಾಡಿಸಿದರು. ಒಬ್ಬರಿಗಾದರೂ ಕೇಳಬೇಕೆನ್ನಿಸಲಿಲ್ಲವೇ? ತನ್ನ ಹೆಸರನ್ನಾದರೂ ಲೇಖನದಿಂದ ತೆಗೆಯಿರಿ ಎಂದು ಅಕ್ಕ ಬರೆದಳು. ಅದಕ್ಕೂ ಜವಾಬಿಲ್ಲ.

ನನ್ನ ಸಿಟ್ಟು ಅವರ ಮೇಲೆ ಮಾತ್ರ ಎಂದರೆ ಸುಳ್ಳಾಗುತ್ತದೆ. ಅಕ್ಕನ ಮೇಲೂ ಇತ್ತು. ಅವಳು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಾಗ ನಾನು ಜಗಳವಾಡಿದೆ. "ಡಿಗ್ರಿ ಕೈಗೆ ಬರೋವರ್ಗೂ ಬಾಯಿ ಮುಚ್ಕೊಂಡಿದ್ದು, ಆಮೇಲೆ ಹೇಳ್ಬಹುದಿತ್ತಲ್ಲ ಅಕ್ಕ? ಡಾಕ್ಟರ್ ಆಗಿ ಹೇಳಿದ್ರೆ ಜನ ಕೇಳ್ತಿದ್ರು!"

"ಆಮೇಲೆ ಹೇಳಕ್ಕೆ ಬಾಯಿ ಬರತ್ತಾ ಮಾ?" ಎಂದಳು. ಅಷ್ಟೇ. ಚೀಲದ ಜಿಪ್ಪು ಎಳೆದಳು.

ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಸಿಟ್ಟೂ ಹೋಗಿಲ್ಲ. ಇಲಿಯ ಬಾಣಂತನಕ್ಕೆ ಮರುಗಿದವಳಿಗೆ ತನ್ನ ಮೇಲೆ ಒಂದಿಷ್ಟು ಮರುಕ ಬರಬಾರದಿತ್ತೇ…

ಪ್ರಾಜೆಕ್ಟ್ ಮುಗಿದು ನಾನೂ ಅಲ್ಲಿಂದ ಹೊರಬಿದ್ದೆ. ಅಣ್ಣಾ ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ತಮಾಷೆ ನೋಡಿ, ಅಲ್ಲಿ ದಿನವೂ ನನ್ನ ಕೈಮೇಲೆ ಹಾದುಹೋಗುವುದು ಅದೇ ಪ್ರೋಟೀನು, ಈಗ ಮನುಷ್ಯರದು. ಅಂಕಿ ಏರಿದ ರಿಪೋರ್ಟು ಕಂಡಾಗಲೆಲ್ಲ ವರಾಂಡದ ಜನ ಕಣ್ಣಮುಂದೆ ಬರುತ್ತಾರೆ. ಅಕ್ಕ ಕ್ರೋಂಪೇಟೆಯ ಮನೆಯಲ್ಲೇ ಪ್ಲಸ್ ಟೂ ಮಕ್ಕಳಿಗೆ ಬಯಾಲಜಿ ಟ್ಯೂಷನ್ ಹೇಳುತ್ತಿದ್ದಳು. ನಾನು ಹೋದಾಗಲೆಲ್ಲ ಇಲಿಗಳ ಮಾತು ಬರುತ್ತಿತ್ತು, ಸಾರ್ ಮಾತು ಬರುತ್ತಿರಲಿಲ್ಲ. ಕೊನೆಕೊನೆಗೆ ನಾನು ಹೋಗಿಬರುವುದೂ ಅಪರೂಪವಾಯಿತು. ಲೋಕಲ್ ಟ್ರೈನಿನಲ್ಲಿ ಬಂದುಹೋಗುವಷ್ಟು ಹತ್ತಿರದ ಮನುಷ್ಯರು ದೂರವಾಗುವುದು ಹೀಗೇ. ಹೋದ ವರ್ಷ ಅವಳ ತಮ್ಮ ಫೋನು ಮಾಡಿದ. ಪಾಠ ಹೇಳುತ್ತಿದ್ದಾಗಲೇ ಎದೆನೋವು ಬಂತಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತಂತೆ. ಅದೇ ಸುಮಾರಿಗೆ ದೊಡ್ಡ ಸಾರ್ ನಿವೃತ್ತರಾಗಿ, ಶಾಲು ಹೊದ್ದು, ಪೇಟ ಇಟ್ಟುಕೊಂಡು ಕೂತ ಫೋಟೊ ಪತ್ರಿಕೆಯಲ್ಲಿ ಬಂದಿತ್ತು.

ಔಷಧಿ ಅಂಗಡಿಯಲ್ಲಿ ನಾನು ಟ್ಯೂಬು ಹಿಡಿದು ನಿಂತಿದ್ದೆ ಎಂದೆನಲ್ಲ. ಪಕ್ಕದಲ್ಲಿ ಒಬ್ಬ ಹೆಂಗಸು, ಗಂಡನಿಗೆ ಲಿವರಿನ ತೊಂದರೆ, ಹೊಟ್ಟೆ ಊದಿಕೊಂಡಿದೆ ಎಂದು ತಮಿಳಿನಲ್ಲಿ ಹೇಳುತ್ತಿದ್ದಳು. ಅಂಗಡಿಯವನು ಹಸಿರು ಲೇಬಲ್ಲಿನ ಒಂದು ಬಾಟಲಿ ತೆಗೆದು ಮುಂದಿಟ್ಟ. ಜೊತೆಗೆ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಕಟ್ಟಿನಿಂದ ಒಂದು ಜಾಹೀರಾತಿನ ಹಾಳೆ. "ಪಡಿಚ್ಚು ಪಾರುಂಗಮ್ಮಾ" ಎಂದ, ಓದಿ ನೋಡಿ ಎಂದು. ಹಾಳೆಯ ಮೇಲಿದ್ದ ಚಿತ್ರ ನನಗೆ ದೂರದಿಂದಲೇ ಗೊತ್ತಾಯಿತು. ನೀಲಿ ಮೊನೆಗಳು. ಒಂದು ಕಡೆ ಎತ್ತರ, ಇನ್ನೊಂದು ಕಡೆ ಕುಸಿದವು. ನಾನೇ ತೊಳೆದು ಒಣಗಿಸಿದ ಹಾಳೆಯ ಚಿತ್ರ ಅದು. ಬಾಟಲಿಯಲ್ಲಿದ್ದದ್ದು ಅದೇ ಕಹಿ ಸೊಪ್ಪಿನ ರಸ. ಕೆಳಗೆ, ಈ ಸತ್ಯವನ್ನು ಕಂಡುಹಿಡಿದವರು ಎಂದು ಅಕ್ಕನ ಹೆಸರು. ಹೆಸರಿನ ಹಿಂದೆ, ಡಾಕ್ಟರ್.

ಬದುಕಿದ್ದಾಗ ಕೊಡದೆ ಕಿತ್ತುಕೊಂಡದ್ದನ್ನು ಬಾಟಲಿ ಮಾರುವುದಕ್ಕೆ ಕೊಟ್ಟಿದ್ದರು. ಯಾವ ಸುಳ್ಳನ್ನು ಬೇಡ ಎಂದು ಅವಳು ಅದನ್ನು ಕಳೆದುಕೊಂಡಳೋ ಅದೇ ಸುಳ್ಳಿಗೆ ಅಂಟಿಸಿ ಕೊಟ್ಟಿದ್ದರು. ಆ ಹೆಂಗಸಿಗೆ ಹೇಳಿದೆ. ಇದು ಬೇಡಮ್ಮ, ಇದರಿಂದ ಏನೂ ಆಗುವುದಿಲ್ಲ, ನಾನು ಈ ಪ್ರಯೋಗ ನೋಡಿದವಳು, ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹರುಕುಮುರುಕು ತಮಿಳಿನಲ್ಲಿ, ಸ್ವಲ್ಪ ಜೋರಾಗಿಯೇ ಹೇಳಿದೆನೇನೋ. ಅವಳು ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದಳು.

"ನೀಂಗ ಡಾಕ್ಟರಾ?"

"ಇಲ್ಲೆ" ಎಂದೆ, ಅಲ್ಲ ಎಂದು.

ಅವಳು ಹಾಳೆಯ ಮೇಲಿದ್ದ ಹೆಸರನ್ನು ನೋಡಿದಳು, ನನ್ನನ್ನು ನೋಡಿದಳು, ಬಾಟಲಿಯನ್ನು ಚೀಲದೊಳಗಿಟ್ಟುಕೊಂಡಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹಾಳೆ ಮಾತ್ರ ಅಲ್ಲೇ ಬಿಟ್ಟು ಹೋಗಿದ್ದಳು.

ಮುಲಾಮು ತೆಗೆದುಕೊಳ್ಳಲಿಲ್ಲ. ಆ ಹಾಳೆ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ಕೂತು, ಪೆನ್ನು ತೆಗೆದು, ಅಕ್ಕನ ಹೆಸರಿನ ಹಿಂದಿದ್ದ ಡಾಕ್ಟರ್ ಎಂಬುದನ್ನು ಕಾಗದ ಹರಿಯುವ ತನಕ ಗೀಚಿದೆ. ಆಮೇಲೆ ಹೆಸರನ್ನೂ ಗೀಚಿದೆ, ತೆಗೆಯಿರಿ ಎಂದು ಅವಳೇ ಕೇಳಿಕೊಂಡಿದ್ದಳಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಆ ಹಾಳೆಗಳ ದೊಡ್ಡ ಕಟ್ಟೇ ಇತ್ತು. ನನ್ನ ಕೈಯಲ್ಲಿದ್ದದ್ದು ಒಂದು.